ಇಮಿಲ್ಕೆಯ ಮೂರನೆಯ ಕೂಗು

ಇಮಿಲ್ಕೆಯ ಬಗ್ಗೆ ಊರಿನಲ್ಲಿ ಹೇಳುವ ಕತೆಗಳಲ್ಲಿ ಮುಕ್ಕಾಲು ಪಾಲು ಸುಳ್ಳು. ಅವಳು ಮಾಟಗಾತಿಯಲ್ಲ, ಹೆಣದ ಜೊತೆ ಸಂಸಾರ ಮಾಡಿದವಳೂ ಅಲ್ಲ. ಹುಲ್ಲು ನೆನೆಹಾಕಿ, ಬಡಿದು, ಹಗ್ಗ ಹೊಸೆದು ಬದುಕಿದ ಹೆಂಗಸು. ಅವಳ ನೆತ್ತಿಯ ಮೇಲೆ ನಾನು ಮೂವತ್ತೊಂದು ವರ್ಷ ಬಾಳಿದೆ. ಅಂದರೆ ಬಾಡಿಗೆ ಮನೆಯ ಕೆಳಗಿನ ಕೋಣೆ ಅವಳದು, ಮೇಲಿನದು ನನ್ನದು, ನಡುವೆ ಒಂದು ಹಲಗೆಯ ನೆಲ. ಅವಳು ಸೀನಿದರೆ ನನಗೆ ಕೇಳುತ್ತಿತ್ತು, ನಾನು ಬಲೆ ಹೆಣೆಯುತ್ತಾ ಬೈದುಕೊಂಡರೆ ಅವಳಿಗೆ ಕೇಳುತ್ತಿತ್ತು. ಆದ್ದರಿಂದ ನನಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ಇದರಲ್ಲಿ ನನ್ನದೂ ಒಂದು ತಪ್ಪಿದೆ, ಅದನ್ನೂ ಹೇಳಿಬಿಡುತ್ತೇನೆ.

ಈಗಿನವರಿಗೆ ಆಚೆ ದಡ ಅಂದರೆ ಒಂದು ಊರು ಅಷ್ಟೇ. ವರ್ಷಕ್ಕೆ ನಾಲ್ಕೈದು ಹಡಗು ನಮ್ಮ ಗಾದಿರ್ ಬಂದರಿನಿಂದ ಪಡುವಣಕ್ಕೆ ಹೋಗುತ್ತವೆ, ಮೂರಾದರೂ ತಿರುಗಿ ಬರುತ್ತವೆ. ಅಲ್ಲಿಯ ಖಾರದ ಕಾಯಿಯನ್ನು ನಮ್ಮ ಸಂತೆಯಲ್ಲಿ ಗುಡ್ಡೆ ಹಾಕಿ ಮಾರುತ್ತಾರೆ. ನಮ್ಮ ಪ್ರಾಯದಲ್ಲಿ ಹಾಗಿರಲಿಲ್ಲ. ಪಡುವಣ ಅಂದರೆ ಸತ್ತವರು ಹೋಗುವ ದಿಕ್ಕು. ಸೂರ್ಯ ಕಡಲಿಗೆ ಇಳಿಯುವಾಗ ಕಾದ ಕಬ್ಬಿಣ ನೀರಿಗೆ ಅದ್ದಿದ ಸದ್ದು ಬರುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನಾನು ಕಿವಿಗೊಟ್ಟು ಕೂತಿದ್ದೇನೆ, ಎಂದೂ ಕೇಳಿಸಲಿಲ್ಲ. ಆದರೂ ಆ ಹೊತ್ತಿಗೆ ಕಿಟಕಿ ಮುಚ್ಚುತ್ತಿದ್ದೆ.

ಅಂಥ ಕಡೆಗೆ ಮೊದಲ ಮೂರು ಹಡಗುಗಳನ್ನು ಚಕ್ರವರ್ತಿಯ ಅಪ್ಪಣೆಯ ಮೇರೆಗೆ ಕಳಿಸಿದರು. ಇಮಿಲ್ಕೆಯ ಗಂಡ ಗಿಸ್ಕೋ ಹಡಗಿನ ಹಲಗೆಗಳ ಸಂದಿಗೆ ನಾರು ತುರುಕಿ ರಾಳ ಬಳಿಯುವವನು. ನೀರು ಒಳಗೆ ಬಾರದಂತೆ ನೋಡಿಕೊಳ್ಳುವ ಅಂಥವನಿಲ್ಲದೆ ಯಾವ ಹಡಗೂ ಹೊರಡುವುದಿಲ್ಲ. ಬರುತ್ತೀಯಾ ಎಂದು ಅವನನ್ನು ಯಾರೂ ಕೇಳಲಿಲ್ಲ, ಹೆಸರು ಬರೆದುಕೊಂಡು ಕರೆದೊಯ್ದರು. ಇಮಿಲ್ಕೆ ಆಗ ಐದು ತಿಂಗಳ ಬಸುರಿ. ಅವನು ಹೋದ ಮೇಲೆ ಹೆಣ್ಣು ಹುಟ್ಟಿತು, ತನ್ನಿತ ಎಂದು ಹೆಸರಿಟ್ಟಳು.

ಮೂರು ವರ್ಷ ಸುದ್ದಿಯಿಲ್ಲ. ಆಮೇಲೆ ಮೀನುಗಾರರ ಬಲೆಗೆ ಒಂದು ಚುಕ್ಕಾಣಿಯ ತುಂಡು ಸಿಕ್ಕಿತು, ಅದರ ಮೇಲೆ ಗಿಸ್ಕೋ ಹೋಗಿದ್ದ ಹಡಗಿನ ಗುರುತು ಕೊರೆದಿತ್ತು. ಅಷ್ಟು ಸಾಕಾಯಿತು. ನೀರಿನಲ್ಲಿ ಸತ್ತವನಿಗೆ ಮಣ್ಣಿಲ್ಲ, ಮಣ್ಣಿಲ್ಲದವನು ಮನೆಯ ಸುತ್ತ ತಿರುಗುತ್ತಾನೆ, ಚಿಕ್ಕ ಮಕ್ಕಳನ್ನು ಮುಟ್ಟುತ್ತಾನೆ. ಅದೇ ತಿಂಗಳು ತನ್ನಿತಳಿಗೆ ಜ್ವರ ಬಂದು ಬಿಡಲೇ ಇಲ್ಲ. ಇಮಿಲ್ಕೆಯ ಕನಸಿನಲ್ಲಿ ಗಿಸ್ಕೋ ತೊಯ್ದ ಬಟ್ಟೆಯಲ್ಲಿ ಬಂದು ತೊಟ್ಟಿಲ ಪಕ್ಕ ಕೂತನಂತೆ. ಕರ್ಮ ಮಾಡಿಬಿಡು ಎಂದು ಹೇಳಿದವರಲ್ಲಿ ನಾನೇ ಮೊದಲು.

ಮಾಡಿದಳು. ಊರಾಚೆ ಖಾಲಿ ಗೋರಿ ಕಟ್ಟಿಸಿ, ಹಾಲು ದ್ರಾಕ್ಷಾರಸ ಹುಯ್ದು, ಹೆಂಡತಿ ಕೂಗಬೇಕಾದ ಹಾಗೆ ಗಂಡನ ಹೆಸರನ್ನು ಮೂರು ಸಲ ಕೂಗಿದಳು. ಒಂದೊಂದು ಕೂಗಿನ ನಡುವೆಯೂ ಕಾಯಬೇಕು. ಜೀವ ಇದ್ದರೆ ಓಗೊಡಲಿ ಎಂದು ಕೊಡುವ ಸಮಯ ಅದು. ನಾವೆಲ್ಲ ಕಾದೆವು. ಗಾಳಿ ಬೀಸುತ್ತಿತ್ತು, ಅಷ್ಟೇ. ಮಗುವಿನ ಜ್ವರ ನಾಲ್ಕನೆಯ ದಿನ ಇಳಿಯಿತು. ನೋಡಿದೆಯಾ, ನಾನು ಹೇಳಿರಲಿಲ್ಲವಾ ಎಂದು ನಾನು ಬೀಗಿದೆ.

ಅದಾದ ಮರುವರ್ಷ, ಮೊದಲ ಚಳಿಮಳೆ ಹಿಡಿದಾಗ, ಒಂದು ಹಡಗು ಬಂತು. ಮೂರು ಹಡಗಿನ ಇನ್ನೂರು ಜನರಲ್ಲಿ ಒಂಬತ್ತು ಜನ ಉಳಿದಿದ್ದರು. ಅವರಲ್ಲಿ ಗಿಸ್ಕೋ ಒಬ್ಬ.

ಬಂದರಿನಲ್ಲಿ ಯಾರೂ ಅವರನ್ನು ಅಪ್ಪಿಕೊಳ್ಳಲಿಲ್ಲ. ಜನ ಹಿಂದೆ ಸರಿದು ದಾರಿ ಬಿಟ್ಟರು. ಎಲ್ಲರಿಗೂ ಕರ್ಮ ಆಗಿತ್ತಲ್ಲ. ಅವರೂ ನೋಡುವ ಹಾಗಿರಲಿಲ್ಲ. ಚರ್ಮಕ್ಕೆ ಯಾವುದೋ ಕೆಂಪು ಬಣ್ಣ ಹತ್ತಿ ಹೋಗಿತ್ತು. ಒಣಗಿದ ಎಲೆ ಸುತ್ತಿ, ತುದಿಗೆ ಕೆಂಡ ತಾಗಿಸಿ, ಆ ಹೊಗೆಯನ್ನು ಕುಡಿದು ಬಾಯಿಂದ ಮೂಗಿಂದ ಬಿಡುತ್ತಿದ್ದರು. ಈಗ ಬೀದಿಗೊಬ್ಬ ಹಾಗೆ ಹೊಗೆ ಬಿಡುತ್ತಾನೆ. ಅವತ್ತು ಮೊದಲ ಸಲ ನೋಡಿದಾಗ ನನ್ನ ಕೈಯಲ್ಲಿದ್ದ ಬುಟ್ಟಿ ಜಾರಿ ಬಿತ್ತು. ಒಳಗೆ ಚಿತೆ ಉರಿಯುತ್ತಿದೆ ಎಂದೇ ತಿಳಿದೆ.

ಮೆಲ್ಕಾರ್ತನ ಗುಡಿಯಿಂದ ಬೋಳುತಲೆಯ ಪೂಜಾರಿ ಬರಿಗಾಲಲ್ಲಿ ಬಂದು ನಿಯಮ ಹೇಳಿದ. ಕರ್ಮ ಮಾಡಿಸಿಕೊಂಡವನು ಮನೆಯ ಬಾಗಿಲಿನಿಂದ ಒಳಗೆ ಬರುವಂತಿಲ್ಲ. ಸೂರಿನಿಂದ ಇಳಿಸಬೇಕು. ಗೋರಿಯ ಹತ್ತಿರ ಕೂಗಿದವರೇ ಒಳಗೆ ನಿಂತು ಮೂರು ಸಲ ಹೆಸರು ಹಿಡಿದು ಕೂಗಬೇಕು, ಅವನು ಓಗೊಡಬೇಕು. ಇಳಿದವನನ್ನು ಹುಟ್ಟಿದ ಕೂಸಿನಂತೆ ತೊಳೆದು ಬಟ್ಟೆಯಲ್ಲಿ ಸುತ್ತಬೇಕು. ನೆಲಕ್ಕೆ ಕಾಲಿಟ್ಟ ಒಂಬತ್ತು ದಿನದೊಳಗೆ ಇದು ಮುಗಿಯಬೇಕು. ಮುಗಿಯದಿದ್ದರೆ, ಅಥವಾ ಮೂರನೆಯ ಕೂಗಿಗೂ ಓಗೊಡದಿದ್ದರೆ, ಅವನು ಸತ್ತವನೇ. ಕಂಚಿನ ಪಾತ್ರೆ ಬಡಿದು, ಕಪ್ಪು ಅವರೆಕಾಳು ಎಸೆದು, ಊರಿನಿಂದ ಹೊರಗೆ ಅಟ್ಟುವುದು. ಮತ್ತೆ ಯಾರೂ ಅವನಿಗೆ ಅನ್ನ ಬೆಂಕಿ ಕೊಡುವಂತಿಲ್ಲ.

ಉಳಿದ ಎಂಟು ಜನರಿಗೆ ತೊಂದರೆಯಾಗಲಿಲ್ಲ. ಕೆಲವರ ಮನೆಯ ನಡುವೆ ಮಳೆನೀರು ಬೀಳುವ ತೊಟ್ಟಿಯಿತ್ತು, ಮೇಲೆ ತೆರೆದ ಸೂರು. ಕೆಲವರದು ಹುಲ್ಲುಮಾಡು, ಒಂದು ಮೂಲೆ ಬಿಚ್ಚಿದರೆ ಆಯಿತು. ಎರಡು ದಿನದಲ್ಲಿ ಎಲ್ಲರೂ ಒಳಗೆ ಸೇರಿದರು. ಗಿಸ್ಕೋವಿನ ಸೂರು ಯಾವುದು? ನನ್ನ ನೆಲ. ನನ್ನ ಹೆಂಚು ತೆಗೆದು, ನನ್ನ ಕೋಣೆಯ ಮೂಲಕ, ನನ್ನ ನೆಲದ ಹಲಗೆ ಕಿತ್ತು ಅವನನ್ನು ಇಳಿಸಬೇಕು. ಮನೆಯ ಯಜಮಾನ ಪೂಜಾರಿಯ ಮಾತಿಗೆ ಒಪ್ಪಿದ. ನಾನು ಒಪ್ಪಲಿಲ್ಲ.

ಯಾಕೆ ಒಪ್ಪಲಿ? ನನ್ನ ಮಂಚ ಅಲ್ಲೇ, ಒಲೆ ಅಲ್ಲೇ, ದೇವರ ಗೂಡು ಅಲ್ಲೇ. ಸತ್ತವನೊಬ್ಬ ಅದರ ನಡುವೆ ತೂಗಾಡಿಕೊಂಡು ಹೋದರೆ ಅವನ ಹಿಂದೆ ಇನ್ನೇನೇನು ಇಳಿದು ಬಂದು ನನ್ನಲ್ಲೇ ಉಳಿಯುತ್ತದೋ. ನಾನು ಒಂಟಿ ಹೆಂಗಸು, ಗಂಡ ಸತ್ತು ಆರು ವರ್ಷ. ನನ್ನ ಗಂಡನನ್ನು ಕಳಿಸಿ ಇವಳ ಗಂಡನನ್ನು ಯಾಕೆ ಬರಮಾಡಿಕೊಳ್ಳಲಿ ಎಂಬ ಹೊಟ್ಟೆಕಿಚ್ಚೂ ಇತ್ತು, ಸುಳ್ಳು ಯಾಕೆ ಹೇಳಲಿ.

ಗಿಸ್ಕೋ ಎದುರಿನ ಗೋಡೆಗೆ ಒರಗಿ ಬೀದಿಯಲ್ಲೇ ಕೂತ. ಎಂಟು ದಿನ. ಮಳೆ ಬಂದರೂ ಅಲ್ಲಿಯೇ. ಇಮಿಲ್ಕೆ ಹೊಸಿಲಿನ ಒಳಗಿನಿಂದ ಒಂದು ಉದ್ದನೆಯ ಕೋಲಿನಲ್ಲಿ ರೊಟ್ಟಿಯ ಬಟ್ಟಲನ್ನು ಅವನತ್ತ ತಳ್ಳುತ್ತಿದ್ದಳು, ಖಾಲಿ ಬಟ್ಟಲನ್ನು ತೊಳೆಯದೆ ಒಡೆದು ಹಾಕುತ್ತಿದ್ದಳು. ಮಧ್ಯಾಹ್ನ ಜನ ಗುಂಪು ಕೂಡಿ ಅವನಿಗೆ ನೆರಳಿದೆಯೇ ಎಂದು ನೋಡುತ್ತಿದ್ದರು. ಇತ್ತು. ಇದ್ದರೇನಂತೆ, ಗೋಡೆಗೂ ನೆರಳಿರುತ್ತದೆ ಎಂದೆ ನಾನು. ಬೀದಿನಾಯಿ ಅವನನ್ನು ಮೂಸಿ ಬೊಗಳದೆ ಹೋಯಿತು. ಅದಕ್ಕೂ ಹೆದರಿದೆವು, ಬೊಗಳಿದ್ದರೂ ಹೆದರುತ್ತಿದ್ದೆವು.

ಅವನು ಮಾತಾಡುತ್ತಿದ್ದುದು ಕಡಿಮೆ. ಹೊಸಿಲ ಒಳಗಿದ್ದ ಇಮಿಲ್ಕೆಗೆ ಅವನು ಹೇಳಿದ್ದರಲ್ಲಿ ಕಿಟಕಿಯಿಂದ ನನ್ನ ಕಿವಿಗೆ ಬಿದ್ದದ್ದನ್ನು ಹೇಳುತ್ತೇನೆ. ಆಚೆ ದಡದಲ್ಲಿ ಜನ ಬಲೆ ಕಟ್ಟಿ ಅದರಲ್ಲಿ ಮಲಗುತ್ತಾರಂತೆ. ಒಂದು ಗೆಡ್ಡೆಯಿದೆಯಂತೆ, ಹಸಿಯಾಗಿ ತಿಂದರೆ ವಿಷ. ಅವರು ಅದನ್ನು ತುರಿದು, ವಿಷವನ್ನು ಹಿಂಡಿ ತೆಗೆದು ರೊಟ್ಟಿ ಸುಡುತ್ತಾರೆ. ಹಸಿದಿದ್ದ ಇವರಿಗೆ ಗೊತ್ತಾಗಲಿಲ್ಲ. ಗಿಸ್ಕೋ ಮತ್ತು ಅವನ ಜೊತೆಗಾರನೊಬ್ಬ ಹಸಿಯಾಗಿಯೇ ತಿಂದರು. ಜೊತೆಗಾರ ಸಂಜೆಯೊಳಗೆ ಸತ್ತ. ಗಿಸ್ಕೋ ಬಿದ್ದವನು ಮೂರು ದಿನದ ಮೇಲೆ ಕಣ್ಣು ಬಿಟ್ಟಾಗ ಎದುರಿಗೆ ಕೆಂಪು ಬಳಿದುಕೊಂಡ ಮುದುಕನೊಬ್ಬ ಕೂತು ರೊಟ್ಟಿ ಕೊಟ್ಟನಂತೆ. ಮುಖ ಥೇಟ್ ಗಿಸ್ಕೋವಿನ ಸತ್ತ ಅಪ್ಪನದೇ. ಆ ರೊಟ್ಟಿಯನ್ನು ಅವನು ತಿಂದುಬಿಟ್ಟ.

ಸತ್ತವರ ಊರಿನ ಅನ್ನ ಉಂಡವನು ತಿರುಗಿ ಬರುವುದುಂಟೇ? ಕಿಟಕಿಗೆ ಅಗಳಿ ಹಾಕಿ, ಮಂಚದ ಸುತ್ತ ಅವರೆಕಾಳು ಚೆಲ್ಲಿಕೊಂಡು ಕೂತೆ.

ಒಂಬತ್ತನೆಯ ದಿನ ಬೆಳಗ್ಗೆ ಇಮಿಲ್ಕೆ ಮೆಟ್ಟಿಲು ಹತ್ತಿ ಬಂದಳು. ಕಾಲಿಗೆ ಬೀಳುತ್ತಾಳೆ ಎಂದುಕೊಂಡಿದ್ದೆ, ಬೀಳಲಿಲ್ಲ. ಬಾಗಿಲಲ್ಲಿ ಗೋಡೆಗೆ ಬೆನ್ನು ಆನಿಸಿ ಕೂತಳು. ಹುಲ್ಲು ಹೊಸೆದು ಸೀಳಿದ ಬೆರಳುಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ನಿಂಗೊಬ್ಳಿಗೇ ಭಯ ಅಂದ್ಕೊಂಡಿದ್ದೀಯಾ ಅಕ್ಕ? ಅವ್ನು ಒಳಗೆ ಬಂದ್ರೆ ಮಗೀಗೆ ಏನಾಗುತ್ತೋ ಅಂತ ನಂಗೂ ಭಯ. ಬರ್ದೇ ಹೋದ್ರೆ, ಬದುಕಿರೋನ್ನ ನಾನೇ ಸಾಯ್ಸಿಬಿಟ್ಟೆ ಅಂತ ಅದೊಂದು ಭಯ. ಗೋರಿ ಹತ್ರ ಕೂಗ್ದೋಳು ನಾನು."

ಕೂಗು ಎಂದು ಹೇಳಿದವಳು ನಾನು. ಅದನ್ನು ಅವಳು ಆಡಿ ತೋರಿಸಲಿಲ್ಲ. ಆಡಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ, ಅವತ್ತಿನ ಕೆಲಸ ಕೆಡುತ್ತಿತ್ತು. ನಾನು ಎದ್ದು ಮಂಚವನ್ನು ಗೋಡೆಗೆ ಸರಿಸಿ, ದೇವರ ಗೂಡಿಗೆ ಬಟ್ಟೆ ಮುಚ್ಚಿದೆ. ಹಲಗೆ ಕಿತ್ತರೆ ಮತ್ತೆ ಸರಿಯಾಗಿ ಕೂರಿಸಿ ಕೊಡಬೇಕು, ಗಾಳಿ ಬಂದರೆ ನಾನು ಸುಮ್ಮನಿರುವವಳಲ್ಲ ಎಂದು ಮಾತ್ರ ಹೇಳಿದೆ.

ನಡುಹಗಲ ಹೊತ್ತಿಗೆ ಎಲ್ಲ ಸಿದ್ಧವಾಯಿತು. ಹಡಗಿನಿಂದ ಬಂದ ಇಬ್ಬರು ಗಿಸ್ಕೋವನ್ನು ಹೊರಗಿನ ಏಣಿಯಿಂದ ಮಾಡಿಗೆ ಹತ್ತಿಸಿ, ಇಮಿಲ್ಕೆ ಹೊಸೆದ ಹಗ್ಗವನ್ನೇ ಹಿಡಿದು ನಿಂತರು. ಮೇಲೆ ಹೆಂಚು ತೆಗೆದ ಕಿಂಡಿಯಲ್ಲಿ ಗಿಸ್ಕೋವಿನ ಮುಖ. ಕೆಳಗೆ ಹಲಗೆ ಕಿತ್ತ ಕಿಂಡಿಯಲ್ಲಿ ಇಮಿಲ್ಕೆಯ ಮುಖ, ಅವಳ ಸೆರಗು ಹಿಡಿದ ತನ್ನಿತ. ನಡುವೆ ನನ್ನ ಕೋಣೆಯಲ್ಲಿ ನಾನು, ಹಗ್ಗ ಅಂಚಿಗೆ ಉಜ್ಜದಂತೆ ನೋಡಿಕೊಳ್ಳಲು. ಬೀದಿ ತುಂಬ ಜನ, ಕೈಯಲ್ಲಿ ಕಂಚಿನ ಪಾತ್ರೆಗಳು. ಪೂಜಾರಿ ಹೊಸಿಲಿನ ಆಚೆ ನಿಂತು ಶುರು ಮಾಡು ಎಂದ.

"ಗಿಸ್ಕೋ" ಎಂದು ಇಮಿಲ್ಕೆ ಕೂಗಿದಳು.

ನಾನು ಮೇಲೆ ನೋಡಿದೆ. ಅವನ ತುಟಿ ಅಲುಗಾಡಲಿಲ್ಲ. ಕೈಸನ್ನೆ ಮಾಡಿದೆ, ಹೂಂ ಅನ್ನು ಸಾಕು ಎಂದು. ಅವನು ನನ್ನನ್ನು ನೋಡುತ್ತಿರಲಿಲ್ಲ. ಮಗುವನ್ನು ನೋಡುತ್ತಿದ್ದ.

"ಗಿಸ್ಕೋ."

ಈ ಸಲ ಅವಳ ದನಿ ಒಡೆದಿತ್ತು. ಅವನು ಈಗಲೂ ಓಗೊಡಲಿಲ್ಲ. ಹೊರಗೆ ಯಾರೋ ಪಾತ್ರೆಯೊಂದನ್ನು ಮೆಲ್ಲಗೆ ಬಡಿದು ನೋಡಿದರು. ಇವನು ನಿಜವಾಗಿ ಸತ್ತವನೇ, ನಾನು ಎಂಥ ಕೆಲಸಕ್ಕೆ ಒಪ್ಪಿಕೊಂಡೆ ಎಂದು ಗೋಡೆಗೆ ಒತ್ತಿಕೊಂಡು ನಿಂತೆ. ಆಗ ಅವನು ಕಿಂಡಿಯೊಳಗೆ ತಲೆ ಬಗ್ಗಿಸಿ ನನಗಷ್ಟೇ ಕೇಳುವಂತೆ ಹೇಳಿದ.

"ಅರಿಷಕ್ಕ, ಹೂಂ ಅಂದ್ರೆ ಸುಳ್ಳು ಹೇಳ್ದಂಗಾಗುತ್ತೆ. ಆ ಗೆಡ್ಡೆ ತಿಂದ ದಿನ ನಾನು ಎದ್ನೋ ಸತ್ನೋ ನಂಗೇ ಗೊತ್ತಿಲ್ಲ. ಒಳಗೆ ಮಗು ಐತೆ. ಅಟ್ಟಿಬಿಡ್ರಿ ನನ್ನ."

ಎಂಟು ದಿನ ನಾವು ಅವನಿಗೆ ಹೆದರಿ ಕೂತಿದ್ದೆವು. ಅವನು ತನಗೇ ಹೆದರಿ ಕೂತಿದ್ದ.

ನಾನು ಮಂಡಿಯೂರಿ ಅದನ್ನು ಕೆಳಗೆ ಇಮಿಲ್ಕೆಗೆ ಹೇಳಿದೆ. ಮೂರನೆಯದು ಕೂಗು, ಹೊತ್ತಾಯಿತು ಎಂದು ಪೂಜಾರಿ ಹೊರಗಿನಿಂದ ಅವಸರ ಮಾಡುತ್ತಿದ್ದ. ಇಮಿಲ್ಕೆ ಬಾಯಿ ತೆರೆದಳು. ಆ ಕ್ಷಣದಲ್ಲಿ ಅವಳ ಮುಖ ನೋಡಿದವಳು ನಾನೊಬ್ಬಳೇ. ತೆರೆದ ಬಾಯನ್ನು ಹಾಗೆಯೇ ಮುಚ್ಚಿಕೊಂಡಳು.

ಮಗುವಿನ ಕೈ ಬಿಡಿಸಿ, ಅದನ್ನು ಹುಲ್ಲಿನ ಕಟ್ಟಿನ ಮೇಲೆ ಕೂರಿಸಿ, ಬಾಗಿಲು ದಾಟಿ ಬೀದಿಗೆ ಬಂದಳು. ಜನ ಹಿಂದೆ ಸರಿದರು. ಓಗೊಡದವನನ್ನು ಮುಟ್ಟಿದರೆ ನೀನೂ ಅವನ ಪಾಲಾಗುತ್ತೀಯ, ಆಮೇಲೆ ನನ್ನನ್ನು ಕೇಳಬೇಡ ಎಂದು ಪೂಜಾರಿ ಎಚ್ಚರಿಸಿದ. ಅವಳು ಏಣಿ ಹತ್ತಿದಳು. ಹೆಂಚು ಜಾರಿ ಒಂದೆರಡು ಕೆಳಗೆ ಬಿದ್ದು ಒಡೆದವು. ಗಿಸ್ಕೋ ಬೇಡ ಬೇಡ ಎಂದು ಹಿಂದೆ ಸರಿಯುತ್ತಿದ್ದುದು ನನಗೆ ಕೇಳಿಸಿತು. ಅವಳು ಅವನ ಸೊಂಟ ತನ್ನ ಸೊಂಟ ಎರಡಕ್ಕೂ ಒಂದೇ ಹಗ್ಗ ಸುತ್ತಿ ಗಂಟು ಹಾಕಿದಳು.

"ಸತ್ತಿದ್ರೆ ಇಬ್ರೂ ಸತ್ತಂಗೆ. ಇಳಿ ಈಗ, ಮಗು ಒಂದೇ ಐತೆ ಕೆಳಗೆ."

ಹಗ್ಗ ಹಿಡಿದ ಇಬ್ಬರೂ ಪೂಜಾರಿಯ ಅಪ್ಪಣೆಗೆ ಕಾಯಲಿಲ್ಲ. ಇಳಿಬಿಟ್ಟರು. ನನ್ನ ಕೋಣೆಯ ನಡುವೆ ಅವರಿಬ್ಬರೂ ತಿರುಗುತ್ತಾ ಇಳಿದರು. ಅವಳು ಕಣ್ಣು ಮುಚ್ಚಿದ್ದಳು, ಅವನು ನಡುಗುತ್ತಿದ್ದ. ಕಿಂಡಿಯ ಅಂಚಿಗೆ ಬಡಿಯದಿರಲಿ ಎಂದು ಅವನ ಪಾದ ಹಿಡಿದು ಸರಿಸಿದೆ. ಪಾದ ಬೆಚ್ಚಗಿತ್ತು. ಹಿಮ್ಮಡಿ ಒಡೆದು ಕೊಳೆ ಕೂತಿತ್ತು, ನನ್ನ ಗಂಡನದು ಇರುತ್ತಿದ್ದ ಹಾಗೆ. ಎಂಟು ದಿನ ಈ ಮನುಷ್ಯನನ್ನು ಮಳೆಯಲ್ಲಿ ಕೂರಿಸಿದೆನಲ್ಲಾ ಎಂದು ನನಗೆ ನಾಚಿಕೆಯಾಯಿತು. ಈಗಲೂ ಆಗುತ್ತದೆ.

ಕೆಳಗಿಳಿದು ನಾನೇ ಇಬ್ಬರನ್ನೂ ತೊಳೆದೆ. ಒಂದೇ ಬಟ್ಟೆ ಇತ್ತು, ಹರಿದು ಎರಡು ಮಾಡಿ ಸುತ್ತಿದೆ. ಹೊರಗೆ ಜನ ಪಾತ್ರೆ ಬಡಿಯಬೇಕೋ ಬೇಡವೋ ತಿಳಿಯದೆ ಪೂಜಾರಿಯ ಮುಖ ನೋಡಿದರು. ಗಡುವಿನೊಳಗೆ ಸೂರಿನಿಂದ ಇಳಿದಿದ್ದಾನೆ, ಮೂರನೆಯ ಕೂಗೇ ಆಗಿಲ್ಲ, ಆದ್ದರಿಂದ ಸತ್ತವನೆಂದು ಹೇಳಲಾರೆ, ಓಗೊಡಲಿಲ್ಲವಾದ್ದರಿಂದ ಬದುಕಿದವನೆಂದೂ ಹೇಳಲಾರೆ ಎಂದು ಅವನು ಕೈ ತೊಳೆದುಕೊಂಡು ಹೋದ. ಆ ಬೀದಿಯಲ್ಲಿ ಅರ್ಧ ಜನ ಮತ್ತೆಂದೂ ಆ ಹೊಸಿಲು ತುಳಿಯಲಿಲ್ಲ. ಅವಳ ಹಗ್ಗವನ್ನು ಹಡಗಿನವರು ಕೊಳ್ಳುತ್ತಿದ್ದರು, ಊರಿನವರು ಬಾವಿಗೆ ಮಾತ್ರ ಕಟ್ಟುತ್ತಿರಲಿಲ್ಲ.

ಹಾಗೆ ಹದಿನೇಳು ವರ್ಷ. ಅವನ ಭಯ ಹೋಗಲೇ ಇಲ್ಲ. ಎಚ್ಚರವಾದ ಕೂಡಲೇ ಅವನು ಕೇಳುತ್ತಿದ್ದುದು ನನ್ನ ಹಲಗೆಯ ಸಂದಿಯಿಂದ ದಿನವೂ ಕೇಳಿಸುತ್ತಿತ್ತು. ಇದ್ದೀನೇನೆ ಎನ್ನುತ್ತಿದ್ದ. ಇದ್ದೀಯ, ಎದ್ದು ಒಲೆ ಹಚ್ಚು ಎನ್ನುತ್ತಿದ್ದಳು. ಕೆಲವು ದಿನ ಅವಳಿಗೂ ಕೋಪ ಬಂದು, ಇಲ್ಲದವನು ಇಷ್ಟು ಗೊರಕೆ ಹೊಡೆಯುತ್ತಾನಾ ಎಂದು ಬೈಯುತ್ತಿದ್ದಳು. ಮಗಳನ್ನು ಮುಟ್ಟಲು ಅವನಿಗೆ ಎರಡು ವರ್ಷ ಹಿಡಿಯಿತು. ತನ್ನಿತ ಒಂದು ದಿನ ತಾನೇ ಹೋಗಿ ಅವನ ಹೆಗಲೇರಿ ಕೂತಳು, ಅವನು ಉಸಿರು ಬಿಗಿಹಿಡಿದು ಅಲುಗಾಡದೆ ಸಂಜೆಯವರೆಗೂ ನಿಂತಿದ್ದ. ಇಮಿಲ್ಕೆಯ ಭಯ ಬೇರೆ ಥರದ್ದು. ಅವಳು ಮತ್ತೆಂದೂ ಅವನನ್ನು ಹೆಸರು ಹಿಡಿದು ಕರೆಯಲಿಲ್ಲ. ಏಯ್ ಅನ್ನುವಳು, ಇಲ್ಲಿ ಕೇಳು ಅನ್ನುವಳು. ಅವನು ಬಂದರಿನಿಂದ ಬರುವುದು ತಡವಾದರೂ, ಗುಂಪಿನಲ್ಲಿ ತಪ್ಪಿಸಿಕೊಂಡರೂ ಕೂಗುವವಳಲ್ಲ. ಓಡಿ ಹೋಗಿ ತೋಳು ಹಿಡಿಯುವಳು.

ಒಂದು ಬೆಳಗ್ಗೆ ಅವನು ಕೇಳಲಿಲ್ಲ. ನಾನು ಬಲೆ ಕೈಗೆತ್ತಿಕೊಂಡು ಕಾದೆ. ಕೆಳಗೆ ಅವಳೂ ಕಾಯುತ್ತಿದ್ದಳು ಎಂದು ನನಗೆ ಗೊತ್ತಾಗುತ್ತಿತ್ತು. ಆಮೇಲೆ ಅವಳೇ ಮೆಲ್ಲಗೆ, ಇದ್ದೀಯ, ಇದ್ದೀಯ ಎಂದು ಹೇಳತೊಡಗಿದ್ದು ಕೇಳಿ ನಾನು ಇಳಿದು ಹೋದೆ.

ಅವನು ತಣ್ಣಗಾಗಿದ್ದ. ಆದರೆ ಅವಳು ಯಾರನ್ನೂ ಮುಟ್ಟಲು ಬಿಡಲಿಲ್ಲ. ಒಂದು ಸಲ ಆತುರಪಟ್ಟೆ, ಇನ್ನೊಂದು ಸಲ ಪಡುವುದಿಲ್ಲ ಎಂದಳು. ಅವನು ಆಚೆ ದಡದಲ್ಲಿ ಮೂರು ದಿನ ಬಿದ್ದಿದ್ದು ಎದ್ದವನು ಎಂದಳು. ಮೂರು ದಿನ ಬಿಟ್ಟೆವು. ಕನ್ನಡಿಯ ತಗಡನ್ನು ಅವನ ಮೂಗಿಗೆ ಹಿಡಿದು ಕೂತಳು, ಪಾದವನ್ನು ತಿಕ್ಕಿ ತಿಕ್ಕಿ ಬೆಚ್ಚಗೆ ಮಾಡಲು ನೋಡಿದಳು. ನಾಲ್ಕನೆಯ ದಿನ ವಾಸನೆ ಬೀದಿಗೆ ಬಂತು. ಮದುವೆಯಾಗಿ ಹೋಗಿದ್ದ ತನ್ನಿತ ಬಂದು ಅಮ್ಮನ ಕೈ ಹಿಡಿದು ಅತ್ತಳು. ಆಗ ಇಮಿಲ್ಕೆ ನನ್ನ ಕಡೆ ತಿರುಗಿ, ನನ್ನ ಬಾಯಿ ಒಳ್ಳೆಯದಲ್ಲ, ನೀನೇ ಕೂಗು ಎಂದಳು.

ನಾನು ಕೂಗಿದೆ. ನಿಯಮದಂತೆ ನಡುವೆ ಕಾದೆ. ಎರಡನೆಯದು ಕೂಗಿದೆ, ಕಾದೆ. ಮೂರನೆಯದನ್ನೂ ಕೂಗಿದೆ. ಅಷ್ಟು ಹೊತ್ತೂ ಅವಳು ಅವನ ತುಟಿಯಿಂದ ಕಣ್ಣು ತೆಗೆಯಲಿಲ್ಲ. ಹೊರುವವರು ಒಳಗೆ ಬಂದು ಬಗ್ಗಿದಾಗ ಅವಳು ಕೈ ಅಡ್ಡ ಹಿಡಿದಳು.

"ಇನ್ನೊಂದ್ಸಲ ಕೂಗಕ್ಕ. ಅವ್ನು ಓಗೊಡೋದು ಯಾವಾಗ್ಲೂ ತಡ."

ನಾನು ಕೂಗಿದೆ.